ತಿರುವು ಬೇರೆ, ಮೈಲಿಗಲ್ಲು ಬೇರೆ

ಮೊನ್ನೆ ಬಳ್ಳಾರಿಯಲ್ಲಿ ಒಬ್ಬ ಕಲಾವಿದರ ಏಕವ್ಯಕ್ತಿ ಚಿತ್ರಕಲಾ ಪ್ರದರ್ಶನ ನೋಡಿ ಬಂದೆ. ಮನುಕುಲದ ಇತಿಹಾಸವನ್ನು ಬದಲಿಸಿದ ಗಳಿಗೆಗಳೇ ಅದರ ವಸ್ತು. ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತೆ. ಇಡೀ ಕ್ಯಾನ್ವಾಸಿಗೆ ಬೂದಿ ಬಣ್ಣ. ಮೂಲೆಯಲ್ಲೊಂದು ಕೈಗಡಿಯಾರ, ಮುಳ್ಳು 8:15ಕ್ಕೆ ನಿಂತಿದೆ. ಕೆಳಗೆ ಅಂಟಿಸಿದ ಚೀಟಿ ಓದಿ ಮನಸ್ಸು ಕೆಟ್ಟಿತು: ‘ಮಾನವ ಇತಿಹಾಸದ ಮೈಲಿಗಲ್ಲು, ಹಿರೋಷಿಮಾ, 1945’. ಇದು ತಿರುವು, ಮೈಲಿಗಲ್ಲು ಅನ್ನುವುದು ತಪ್ಪಲ್ಲವೇನಪ್ಪಾ ಎಂದು ಅಲ್ಲಿದ್ದ ಹುಡುಗನನ್ನು ಕೇಳಿದೆ. “ಎರಡೂ ಒಂದೇ ಅಲ್ಲೇನ್ರಿ? ಮೈಲಿಗಲ್ಲು ಅಂದ್ರೂ ಅದೇ, ತಿರುವು ಅಂದ್ರೂ ಅದೇ” ಅಂದ.

ಒಂದೇ ಅಲ್ಲ. ಆಹ್ವಾನ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಸುದ್ದಿಯ ತಲೆಬರಹಗಳಲ್ಲಿ ಈ ಗೊಂದಲ ನೋಡಿ ನೋಡಿ ಸಾಕಾಗಿದೆ.

ಮೈಲಿಗಲ್ಲಿನ ‘ಮೈಲಿ’ ಇಂಗ್ಲಿಷಿನಿಂದ ಬಂದದ್ದು, ಅದರ ಬೇರು ಲ್ಯಾಟಿನ್ನಿನಲ್ಲಿ ಸಾವಿರ ಎಂಬರ್ಥದ ‘ಮಿಲ್ಲೆ’. ರೋಮನ್ ಸೈನಿಕರ ಸಾವಿರ ಜೋಡಿಹೆಜ್ಜೆ ಒಂದು ಮೈಲಿ. ಅಂದರೆ ಈ ಪದದ ಕೆಲಸ ಎಣಿಸುವುದು. ದಾರಿ ಮೊದಲೇ ಇರುತ್ತದೆ, ಎಷ್ಟು ದೂರ ಬಂದೆವು ಎಂದು ಕಲ್ಲು ಹೇಳುತ್ತದೆ. ಬಳಕೆಯಲ್ಲಿ ಹೆಮ್ಮೆಯ ಅರ್ಥವೂ ಸೇರಿಕೊಂಡಿದೆ. ಒಂದು ಊರು ಸುಟ್ಟುಹೋದದ್ದಕ್ಕೆ ಆ ಮಾತು ಸಲ್ಲದು.

‘ತಿರುವು’ ಅಚ್ಚಗನ್ನಡ. ತಿರುಗು, ತಿರುಚು, ತಿರುಗಣಿ ಎಲ್ಲ ಇದೇ ಬಳಗ. ಅಲೆಯುವುದಕ್ಕೂ ಬೇಡುವುದಕ್ಕೂ ‘ತಿರಿ’ ಎನ್ನುತ್ತಿದ್ದರು. ಮನೆಮನೆ ತಿರುಗಿ ಬೇಡುವವ ತಿರುಕನಾದ. ನನಗೆ ಮುಖ್ಯವಾಗಿ ಕಾಣುವುದು ತಿರುಗು, ತಿರುವು ಎಂಬ ಎರಡು ಕ್ರಿಯಾಪದಗಳ ನಡುವಿನ ಅಂತರ. ಬುಗುರಿ ತಿರುಗುತ್ತದೆ, ಗಾಲಿ ತಿರುಗುತ್ತದೆ. ರೊಟ್ಟಿ ಹಾಗಲ್ಲ, ಅದನ್ನು ತಿರುವಿ ಹಾಕಬೇಕು. ಹಂಚಿನ ಮೇಲಿನ ಜೋಳದ ರೊಟ್ಟಿಗೆ ನೀರು ಸವರಿ, ಅದು ಆರುವ ಹೊತ್ತಿಗೆ ಅಂಚು ಹಿಡಿದು ಮಗುಚುವ ಕೈಯೊಂದು ಬೇಕು. ಹಾಳೆ ತಿರುವುವುದಕ್ಕೂ ಮೀಸೆ ತಿರುವುವುದಕ್ಕೂ ಅಷ್ಟೆ, ಮಾಡುವವರು ಇರಲೇಬೇಕು. ಆ ಕ್ರಿಯಾಪದದ ರೂಪವೇ ನಾಮಪದವೂ ಆಗಿರುವುದರಿಂದ, ಇತಿಹಾಸದ ತಿರುವು ಎಂದೊಡನೆ ತಿರುವಿದವರು ಯಾರು ಎಂಬ ಪ್ರಶ್ನೆ ನನ್ನ ಕಿವಿಗೆ ಕೇಳಿಸುತ್ತದೆ. ಮೈಲಿಗಲ್ಲು ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಹಿರೋಷಿಮಾದ ಮೇಲೆ ಬಾಂಬು ತಾನಾಗಿ ಬೀಳಲಿಲ್ಲ.

ನಮ್ಮ ಸೀಮೆಯದೇ ಉದಾಹರಣೆ ಬೇಕೆಂದರೆ ಅಶೋಕನನ್ನು ನೋಡಿ. ಕಳಿಂಗ ಯುದ್ಧ ತಿರುವು. ಗೆದ್ದ ದೊರೆ ಗೆಲುವಿಗೇ ಮರುಗಿ ಧರ್ಮದ ಕಡೆ ಹೊರಳಿದ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಬಂಡೆಶಾಸನ ಮೈಲಿಗಲ್ಲು. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಇಂಥ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಿ ದಾರಿ ತೆರೆದಿದ್ದ. ಅವುಗಳಲ್ಲಿ ದೊರೆಯ ಬಿರುದಾಗಿ ಬರುವ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಇರಬೇಕೆಂದು ವಿದ್ವಾಂಸರು ಆಗಲೇ ತರ್ಕಿಸಿದ್ದರು. ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರೇ ಸಿಕ್ಕಿತು, ತರ್ಕ ಗಟ್ಟಿಯಾಯಿತು. ದಾರಿ ಬದಲಾಗಲಿಲ್ಲ, ಇಲ್ಲಿಯವರೆಗೆ ಬಂದೆವು ಎಂಬುದು ಖಾತ್ರಿಯಾಯಿತು.

ತಿರುವೆಂದರೆ ಒಂದೇ ದಿನದ್ದಾಗಬೇಕಿಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲುಕೊಡಲಿ ಉಜ್ಜಿ ನಯ ಮಾಡುತ್ತಾ, ದನ ಸಾಕುತ್ತಾ ನೆಲೆ ನಿಂತರು. ಅಲೆದಾಟದಿಂದ ನೆಲೆಗೆ ಬಂದ ಆ ತಿರುವಿಗೆ ತಲೆಮಾರುಗಳೇ ಹಿಡಿದವು. ತಾರೀಖು ಹಾಕಲು ಬರುವುದಿಲ್ಲ. ಟಿವಿಯವರು ಅರ್ಧ ಗಂಟೆಗೊಮ್ಮೆ ‘ಪ್ರಕರಣಕ್ಕೆ ಹೊಸ ತಿರುವು’ ಎನ್ನುವುದನ್ನು ಇನ್ನಾದರೂ ಬಿಡಬೇಕು. ಪೊಲೀಸರು ಇನ್ನೊಬ್ಬರ ಹೇಳಿಕೆ ಪಡೆದರೆ ಅದು ಬೆಳವಣಿಗೆ, ತಿರುವಲ್ಲ.

ಅದೇ ಪ್ರದರ್ಶನದಲ್ಲಿ 1969ರ ಚಂದ್ರಯಾನದ ಚಿತ್ರವೂ ಇತ್ತು. ಅದರ ಚೀಟಿಯಲ್ಲಿ ‘ತಿರುವು’ ಎಂದು ಬರೆದಿದ್ದರು. ಎರಡು ಚೀಟಿಗಳ ಪದ ಅದಲುಬದಲು ಮಾಡಿದರೆ ಸಾಕೆಂದು ಆ ಹುಡುಗನಿಗೆ ಹೇಳಿ ಬಂದಿದ್ದೇನೆ.