ಪಟ್ಟಿಯಲ್ಲಿದ್ದಾರೆ, ವಾರ್ಡಿನಲ್ಲಿಲ್ಲ

"ಸಿಸ್ಟರ್, ಹಾಸಿಗೆ 30, ರೋಗಿಗಳು 18. ಆದರೂ ಜನ ಸಾಲದು ಅಂತೀರಲ್ಲ?"

ಸೇನಾ ಆಸ್ಪತ್ರೆಯಲ್ಲಿ ಡ್ಯೂಟಿ ರೋಸ್ಟರ್ ಹಾಕುತ್ತಿದ್ದಷ್ಟು ಕಾಲ ಮೇಲಿನ ಅಧಿಕಾರಿಯ ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಕೇಳುವವರದು ತಪ್ಪೆಂದೂ ಹೇಳಲಾರೆ. ಅವರ ಕೈಗೆ ಹೋಗುವ ಕಾಗದದಲ್ಲಿ ಹಾಸಿಗೆಯ ಲೆಕ್ಕವಿರುತ್ತದೆ, ಕೆಲಸದ್ದಿರುವುದಿಲ್ಲ.

ವಾರ್ಡಿನಲ್ಲಿ ಹಗಲೂ ರಾತ್ರಿ ಒಬ್ಬ ನರ್ಸ್ ಇರಲೇಬೇಕು ಅಂದರೆ ದಿನಕ್ಕೆ 3 ಪಾಳಿ, ವರ್ಷಕ್ಕೆ 1,095. ವಾರದ ರಜೆ, ವಾರ್ಷಿಕ ರಜೆ, ಕಾಯಿಲೆ, ತರಬೇತಿ ಎಲ್ಲ ಕಳೆದು ಒಬ್ಬರು 220 ದಿನ ಸಿಗುತ್ತಾರೆ ಅಂತಿಟ್ಟುಕೊಳ್ಳಿ. ಆ ಒಂದು ಜಾಗ ತುಂಬಲು 5 ಜನ ಬೇಕು. ಇಷ್ಟು ಯಾವ ಆಸ್ಪತ್ರೆಯದಾದರೂ ಲೆಕ್ಕ. ಸೇನೆಯಲ್ಲಿ ಇದರ ಮೇಲೆ ಫೀಲ್ಡ್ ಆಸ್ಪತ್ರೆಯ (ಸೇನೆ ಹೋದಲ್ಲಿ ಹಾಕುವ ತಾತ್ಕಾಲಿಕ ಆಸ್ಪತ್ರೆ) ನಿಯೋಜನೆ, ಸಮರಾಭ್ಯಾಸ, ದೈಹಿಕ ಪರೀಕ್ಷೆ, ಪರೇಡ್ ಬಂದು ಕೂರುತ್ತವೆ. ಅವಕ್ಕೆಲ್ಲ ಇನ್ನೂ 40 ದಿನ ಹೋದರೆ ಉಳಿಯುವುದು 180. ಆಗ 6 ಜನರೂ ಸಾಲರು. ಹೋದವರ ಹೆಸರು ಮಾತ್ರ ಪಟ್ಟಿಯಲ್ಲೇ ಇರುತ್ತದೆ. ಹುದ್ದೆ ಖಾಲಿಯಿಲ್ಲ, ಆದ್ದರಿಂದ ಬದಲಿಯೂ ಇಲ್ಲ. ಅದರಲ್ಲೂ ಫೀಲ್ಡಿಗೆ ಬೇಕಾಗುವುದು ಐಸಿಯು, ಎಮರ್ಜೆನ್ಸಿಯಲ್ಲಿ ಪಳಗಿದ ಕೈ. ವಾರ್ಡಿಗೆ ಉಳಿಯುವುದು ಹೊಸಬರು, ಮತ್ತು ಅವರಿಗೆ ಕಲಿಸುತ್ತ ಕೆಲಸವನ್ನೂ ಮಾಡಬೇಕಾದ ಒಬ್ಬಿಬ್ಬರು ಹಿರಿಯರು.

ನರ್ಸಿಂಗ್ ಅಸಿಸ್ಟೆಂಟ್‌ಗಳನ್ನು ಜಾಸ್ತಿ ಹಾಕಿಕೊಳ್ಳಿ ಎಂಬ ಸಲಹೆ ಆಗಾಗ ಬರುತ್ತದೆ. ಅವರಿಲ್ಲದೆ ವಾರ್ಡ್ ಒಂದು ದಿನ ನಡೆಯದು. ಆದರೆ ತಲೆ ಎಣಿಸಿದರೆ ಮುಗಿಯಲಿಲ್ಲ. ಅಮೆರಿಕದ 13 ಸೇನಾ ಆಸ್ಪತ್ರೆಗಳ ಪಾಳಿ ಪಾಳಿಯ ಲೆಕ್ಕ ಹಿಡಿದು ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಸಿಬ್ಬಂದಿಯಲ್ಲಿ ರಿಜಿಸ್ಟರ್ಡ್ ನರ್ಸ್‌ಗಳ, ಅಂದರೆ ಅಸಿಸ್ಟೆಂಟ್‌ಗಳಲ್ಲದೆ ನರ್ಸಿಂಗ್ ಓದಿ ನೋಂದಣಿ ಪಡೆದವರ, ಪಾಲು ಮತ್ತು ಒಬ್ಬ ರೋಗಿಗೆ ಸಿಗುವ ಆರೈಕೆಯ ಸಮಯ ಹೆಚ್ಚಿದ್ದಲ್ಲಿ ರೋಗಿ ಬೀಳುವುದು, ಔಷಧಿ ಕೊಡುವುದರಲ್ಲಿ ತಪ್ಪಾಗುವುದು ಕಡಿಮೆ ಎಂದು ಅದರಲ್ಲಿ ಕಂಡುಬಂತು. ನೈಟ್ ಡ್ಯೂಟಿ ಮಾಡಿದ ಯಾರಿಗೂ ಇದು ಹೊಸ ಸಂಗತಿಯಲ್ಲ.

ಇನ್ನು ಆ 18. ಬೆಳಗ್ಗೆ 18, ಸಂಜೆಯೂ 18. ನಡುವೆ ಐವರು ಡಿಸ್ಚಾರ್ಜ್, ಐವರು ಹೊಸಬರು. ನಾವು ಆರೈಕೆ ಕೊಟ್ಟದ್ದು 23 ಜನಕ್ಕೆ. ಬೆಳಗಿನ ಎಣಿಕೆಯಲ್ಲಿ ಅದು ಕಾಣುವುದೇ ಇಲ್ಲ.

ಸೈನಿಕರಲ್ಲಿ ಎಷ್ಟೋ ಮಂದಿ ಓಡಾಡುವ ಹುಡುಗರು. ಬ್ಯಾರಕ್ಕಿಗೆ ಹೋದರೆ ನೋಡಿಕೊಳ್ಳುವವರಿಲ್ಲ ಎಂದೇ ನಾಲ್ಕು ದಿನ ಹೆಚ್ಚು ಇರುತ್ತಾರೆ. ಇವರಿಗೆ ಕೆಲಸ ಕಡಿಮೆ, ಒಪ್ಪುತ್ತೇನೆ. ಆದರೆ ಅವರಲ್ಲೇ ಒಬ್ಬ ನೋವನ್ನು ಹಲ್ಲುಕಚ್ಚಿ ನುಂಗಿಕೊಂಡು, ಬೆಲ್ ಒತ್ತದೆ ಮಲಗಿರುತ್ತಾನೆ. ಕೇಳಿದರೆ "ಏನಿಲ್ಲ ಮೇಡಂ" ಅನ್ನುತ್ತಾನೆ. ಬಟ್ಟೆ ಸರಿಸಿ ನೋಡಿದರೆ ಡ್ರೆಸ್ಸಿಂಗ್ ಒದ್ದೆ. ಹಾಗೆ ಹೋಗಿ ನೋಡುವುದಕ್ಕೂ ಸಮಯ ಬೇಕು. ಪಕ್ಕದ ಹಾಸಿಗೆಯಲ್ಲಿ ಮಲಗಿದಲ್ಲೇ ಇರುವ ನಿವೃತ್ತ ಯೋಧರು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅದಕ್ಕೆ ಇಬ್ಬರು ಬೇಕು. ಎಣಿಕೆಯಲ್ಲಿ ಆ ಹುಡುಗನೂ ಒಂದು, ಇವರೂ ಒಂದು.

ಕೊನೆಕೊನೆಗೆ ನಾನು ರೋಸ್ಟರಿನ ಪಕ್ಕದಲ್ಲಿ ಎರಡು ಗೀಟು ಎಳೆದೆ. ಒಂದು ಕಡೆ ಪಟ್ಟಿಯಲ್ಲಿ ಎಷ್ಟು ಜನ, ಇನ್ನೊಂದು ಕಡೆ ಆ ಪಾಳಿಯಲ್ಲಿ ನಿಜಕ್ಕೂ ನಿಂತವರೆಷ್ಟು. ಕೆಳಗೆ ಬಂದವರು, ಹೋದವರು, ಎತ್ತಿ ಮಲಗಿಸಬೇಕಾದವರು. ದಿನವೂ ಬರೆದು ತಿಂಗಳ ಕೊನೆಗೆ ಮೇಲೆ ಕಳಿಸುತ್ತಿದ್ದೆ. ಮೂರನೇ ತಿಂಗಳು ಅದೇ ಅಧಿಕಾರಿ ಫೋನ್ ಮಾಡಿದರು. ಹಾಸಿಗೆಯ ಮಾತೆತ್ತಲಿಲ್ಲ.

"ಸಿಸ್ಟರ್, ಮಂಗಳವಾರ ರಾತ್ರಿ ಇದ್ದದ್ದು ಒಬ್ಬರೇನಾ?"