ಆಪಲ್ ಸಾಸ್‌ನ ವಿಧಾನ ಟೊಮೆಟೊಗೆ ಸಾಲದು

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ದರ ಬಿದ್ದಾಗಲೆಲ್ಲ ನನ್ನ ತರಬೇತಿಗೆ ಬರುವ ಹೆಂಗಸರು ಕೇಳುವುದು ಇದನ್ನೇ. "ಮೇಡಂ, ಆಪಲ್ ಸಾಸ್ ಬಾಟಲಿಗೆ ತುಂಬಿ ವರ್ಷವಿಡೀ ಇಡೋ ವಿಡಿಯೋ ನೋಡಿದೆ. ಟೊಮೆಟೊನೂ ಹಾಗೇ ಇಡಬಹುದಲ್ವಾ?" ಇಡಬಹುದು. ಆದರೆ ಹಾಗೇ ಅಲ್ಲ.

ಸೇಬಿನ ಪಿಎಚ್ ಸಾಮಾನ್ಯವಾಗಿ 4ರ ಕೆಳಗೇ ಇರುತ್ತದೆ. ಪಿಎಚ್ ಇಳಿದಷ್ಟೂ ಹುಳಿ ಜಾಸ್ತಿ. ಹಾಗಾಗಿ ಬೇಯಿಸಿ, ಜರಡಿಯಲ್ಲಿ ಸೋಸಿ, ಬಿಸಿಬಿಸಿಯಾಗಿ ಬಾಟಲಿಗೆ ತುಂಬಿ, ಕುದಿಯುವ ನೀರಲ್ಲಿ ಮುಳುಗಿಸಿಟ್ಟರೆ ಸಾಕು. ಟೊಮೆಟೊ ಮಾತ್ರ 4.6ರ ಆಸುಪಾಸಿನಲ್ಲೇ ಓಡಾಡುತ್ತದೆ. ಈ 4.6 ಯಾಕೆ ಮುಖ್ಯ ಅಂದರೆ, ಬೊಟುಲಿಸಂ ಅನ್ನುವ, ಜೀವಕ್ಕೇ ಕುತ್ತಾಗಬಲ್ಲ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಾಣು ಕುದಿಯುವ ನೀರಿಗೆ ಸಾಯುವುದಿಲ್ಲ. ಗಾಳಿಯಾಡದ ಬಾಟಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅದನ್ನು ಮೊಳೆಯದಂತೆ ತಡೆಯುವುದು ಹುಳಿ ಒಂದೇ, ಅದೂ ಪಿಎಚ್ 4.6ಕ್ಕಿಂತ ಕೆಳಗಿದ್ದರೆ. ವಿಷ ಸೇರಿದರೂ ವಾಸನೆ, ಬಣ್ಣ ಕೆಡದೆ ಇರಬಹುದು. ನಮ್ಮಜ್ಜಿ ಮೂಸಿ ನೋಡಿ ಹೇಳ್ತಿದ್ರು ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

"ನಾಟಿ ಟೊಮೆಟೊ ಹುಳಿಯಾಗೇ ಇರುತ್ತಲ್ಲ" ಅನ್ನುತ್ತೀರಿ. ನಾಲಿಗೆ ಪಿಎಚ್ ಅಳೆಯಲ್ಲ. ಹಣ್ಣು ಮಾಗಿದಷ್ಟೂ ಹುಳಿ ಇಳಿಯುತ್ತದೆ. ದರ ಬಿದ್ದಾಗ ಕೈಗೆ ಬರುವುದು ಮೆತ್ತಗಾದ, ಬಿರುಕು ಬಿಟ್ಟ ಹಣ್ಣೇ. ಅದನ್ನು ಇವತ್ತಿನ ಗೊಜ್ಜಿಗೆ ಹಾಕಿ, ಬಾಟಲಿಗೆ ಬೇಡ.

ಆದ್ದರಿಂದ ಯಾವ ತಳಿಯಾದರೂ ಹುಳಿ ಸೇರಿಸಲೇಬೇಕು. ಅರ್ಧ ಲೀಟರ್ ಬಾಟಲಿಗೆ ಕಾಲು ಟೀ ಚಮಚ ಸಿಟ್ರಿಕ್ ಆಸಿಡ್. ಅದಿಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಬಾಟಲಿ ನಿಂಬೆರಸ ಒಂದು ಟೇಬಲ್ ಚಮಚ. ಮನೆಯಲ್ಲಿ ಹಿಂಡಿದ ರಸ ಬೇಡ, ಒಂದೊಂದು ನಿಂಬೆಯ ಹುಳಿ ಒಂದೊಂದು ಥರ. ಪಾತ್ರೆಗೆ ಒಟ್ಟಿಗೆ ಸುರಿಯಬೇಡಿ, ಒಂದೊಂದು ಬಾಟಲಿಗೂ ಅಳೆದು ಹಾಕಿ. ಹುಳಿ ಜಾಸ್ತಿ ಅನ್ನಿಸಿದರೆ ಚಿಟಿಕೆ ಸಕ್ಕರೆ ಹಾಕಿಕೊಳ್ಳಿ, ಆಸಿಡ್ ಮಾತ್ರ ಕಡಿಮೆ ಮಾಡಬೇಡಿ. ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆಯ ಒಗ್ಗರಣೆ ಬಾಟಲಿ ತೆರೆದ ಮೇಲೆ.

ಸಾಸ್ ನೀರು ಬಿಟ್ಟುಕೊಂಡು ಎರಡು ಪದರ ಆಗುತ್ತೆ ಅಂತ ತುಂಬಾ ಜನ ದೂರುತ್ತಾರೆ. ಹೆಚ್ಚಿ ಹಾಗೇ ಬಿಟ್ಟರೆ ಹಣ್ಣಿನ ಕಿಣ್ವವೇ ಅದರ ಪೆಕ್ಟಿನ್, ಅಂದರೆ ಸಾಸನ್ನು ಗಟ್ಟಿಯಾಗಿ ಹಿಡಿದಿಡುವ ಅಂಶವನ್ನು, ಒಡೆಯುತ್ತದೆ. ಬಾಣಲೆ ಕಾಯಿಸಿಟ್ಟುಕೊಂಡೇ ಹೆಚ್ಚಲು ಕೂರಿ. ಮೊದಲ ಹಿಡಿ ಹೋಳು ಬಿದ್ದ ತಕ್ಷಣ ಸೌಟಿನಿಂದ ಜಜ್ಜಿ. ಅದು ಕುದಿಯುತ್ತಿರುವಾಗಲೇ ಉಳಿದದ್ದನ್ನು ಹೆಚ್ಚುತ್ತಾ ಹಾಕಿ. 15 ಕಿಲೋದ ಒಂದು ಬಾಕ್ಸ್‌ನಲ್ಲಿ ತೆಳು ಸಾಸ್ ಹತ್ತು ಹನ್ನೆರಡು ಅರ್ಧ ಲೀಟರ್ ಬಾಟಲಿ ಬರುತ್ತದೆ. ಗಟ್ಟಿ ಮಾಡಿದರೆ ಅದಕ್ಕಿಂತ ಕಡಿಮೆ.

ಬಾಟಲಿ ಹಳೆಯದಾದರೂ ಪರವಾಗಿಲ್ಲ, ಕ್ಯಾನಿಂಗ್‌ಗೆಂದೇ, ಅಂದರೆ ಆಹಾರ ತುಂಬಿ ಹೀಗೆ ಕುದಿಸಿ ಕಾಪಿಡಲೆಂದೇ, ಮಾಡಿದ ಗಾಜಿನದಾಗಿರಲಿ. ಮುಚ್ಚಳ ಹೊಸದೇ ಬೇಕು. ಮೇಲೆ ಅರ್ಧ ಇಂಚು ಜಾಗ ಬಿಟ್ಟು, ಬಾಯಿ ಒರೆಸಿ, ಮುಚ್ಚಿ. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ ನಿಲ್ಲಿಸಿ. ನೀರು ಮುಚ್ಚಳದ ಮೇಲೆ ಒಂದು ಇಂಚು ಇರಲಿ.

ಸಮಯದ ವಿಷಯದಲ್ಲೂ ವಿಡಿಯೋ ನಂಬಬೇಡಿ. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕರಾವಳಿಯಲ್ಲಿ 35 ನಿಮಿಷ ಸಾಕಾಗುವ ಟೊಮೆಟೊ ಸಾಸ್‌ಗೆ ಇಲ್ಲಿ 40 ನಿಮಿಷ ಬೇಕು. ಇದೇ ಅಳತೆಯ ಆಪಲ್ ಸಾಸ್‌ಗೆ 20 ಸಾಕು. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಿ. ಕುಕ್ಕರ್‌ನಲ್ಲಿಟ್ಟು ನಾಲ್ಕು ವಿಷಲ್ ಕೂಗಿಸುವ ಉಪಾಯ ಬೇಡ, ವಿಷಲ್ ಲೆಕ್ಕಕ್ಕೆ ಪರೀಕ್ಷಿಸಿದ ಅಳತೆಯೇ ಇಲ್ಲ.

ಒಂದು ರಾತ್ರಿ ಅಲುಗಿಸದೆ ಬಿಡಿ. ಬೆಳಿಗ್ಗೆ ಮುಚ್ಚಳದ ನಡುವೆ ಬೆರಳಿಂದ ಒತ್ತಿ. ಟಕ್ ಅಂತ ಒಳಗೆ ಹೋಗಿ ಮೇಲೆದ್ದರೆ ಸೀಲ್ ಆಗಿಲ್ಲ. ಅದನ್ನು ಫ್ರಿಜ್‌ಗೆ ಹಾಕಿ, ನಾಲ್ಕೈದು ದಿನದೊಳಗೆ ಸಾರಿಗೆ ಬಳಸಿಬಿಡಿ.