ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು, ಆದರೂ ಪಕ್ಕೆಲುಬು ಮುರಿದಿರಬಹುದೆ?

ಪ್ರಶ್ನೆ: ಅಪ್ಪನಿಗೆ 68 ವರ್ಷ. ಐದು ದಿನದ ಹಿಂದೆ ಬಚ್ಚಲಲ್ಲಿ ಜಾರಿ, ಹಂಡೆಯ ಕಟ್ಟೆಗೆ ಬಲಪಕ್ಕೆ ಬಡಿಯಿತು. ಎಕ್ಸ್‌ರೇ ಸರಿಯಿದೆಯಂತೆ. ಆದರೆ ಕೆಮ್ಮಿದರೆ ಕಣ್ಣಲ್ಲಿ ನೀರು ಬರುತ್ತದೆ. ಎಲುಬು ಮುರಿದಿದೆಯೆ?

ಉತ್ತರ: ಮುರಿದಿರಬಹುದು. ಸಣ್ಣ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಅಪ್ಪನ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ಸ್ನಾಯು ಹಿಡಿದುಕೊಂಡವರು ಸಾಮಾನ್ಯವಾಗಿ ಅಂಗೈಯಿಂದ ಇಡೀ ಪಕ್ಕೆ ಸವರಿ ತೋರಿಸುತ್ತಾರೆ. ಎಲುಬು ಮುರಿದವರು ಹೆಚ್ಚಾಗಿ ಒಂದೇ ಬೆರಳಿಟ್ಟು ‘ಇಲ್ಲೇ’ ಅನ್ನುತ್ತಾರೆ. ಅಲ್ಲಿ ಮುಟ್ಟಿದರೆ ಮುಖ ಕಿವುಚುತ್ತಾರೆ. ಸೀನಿದರೆ, ನಕ್ಕರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ, ದೀರ್ಘವಾಗಿ ಉಸಿರೆಳೆದರೆ ಅದೇ ಜಾಗ ಚುಚ್ಚುತ್ತದೆ. ಬಿದ್ದಾಗ ‘ಕಟಕ್’ ಎಂದದ್ದು ನೆನಪಿದ್ದರೆ ಅನುಮಾನ ಇನ್ನೂ ಗಟ್ಟಿ. ಊದಿಲ್ಲ, ಕಪ್ಪುಗಟ್ಟಿಲ್ಲ ಅಂದಮಾತ್ರಕ್ಕೆ ಮುರಿದಿಲ್ಲ ಅನ್ನುವ ಹಾಗಿಲ್ಲ.

ಸರಳ ಮುರಿತಕ್ಕೂ ಬರೀ ಪೆಟ್ಟಿಗೂ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ. ನನಗೆ ಚಿಂತೆ ಅಪ್ಪನ ಉಸಿರಿನದು. ನೋವಿಗೆ ಹೆದರಿ ಮೇಲುಮೇಲೆ ಉಸಿರಾಡುತ್ತ, ಬಂದ ಕೆಮ್ಮನ್ನು ಅದುಮಿಕೊಂಡರೆ ಕಫ ಒಳಗೇ ನಿಂತು ನ್ಯುಮೋನಿಯಾಕ್ಕೆ ತಿರುಗಬಹುದು. ಈ ವಯಸ್ಸಿನಲ್ಲಿ ಮುರಿತಕ್ಕಿಂತ ಅದೇ ದೊಡ್ಡ ಗಂಡಾಂತರ. ಆದ್ದರಿಂದ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತುವುದು, ನಾಟಿ ಕಟ್ಟು ಹಾಕಿಸುವುದು ದಯವಿಟ್ಟು ಬೇಡ. ವೈದ್ಯರು ಬರೆದ ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ‘ತಡ್ಕೊಳ್ತೀನಿ ಬಿಡು’ ಅಂದರೆ ಒಪ್ಪಬೇಡಿ. ನೋಯುವ ಕಡೆಗೆ ದಿಂಬು ಅವುಚಿಕೊಂಡು ಧೈರ್ಯವಾಗಿ ಕೆಮ್ಮಲಿ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ ನಿಧಾನವಾಗಿ, ಆಳವಾಗಿ ಉಸಿರೆಳೆಯಲಿ. ಮಲಗಿಯೇ ಇರುವುದು ಬೇಡ, ಮನೆಯೊಳಗೆ ಓಡಾಡಲಿ. ಎಲುಬು ಕೂಡಿಕೊಳ್ಳಲು ಸುಮಾರು 6 ವಾರ ಬೇಕು, ವಯಸ್ಸಾದವರಿಗೆ ಇನ್ನೂ ತುಸು ಹೆಚ್ಚು.

ಐದು ದಿನವಾದರೂ ಇಷ್ಟು ನೋವಿರುವುದರಿಂದ ಮತ್ತೊಮ್ಮೆ ವೈದ್ಯರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇವತ್ತೇ ಹೋಗಿ. ಜ್ವರ ಬಂದರೆ, ಕಫ ಹಳದಿಯಾದರೆ ಅದೇ ದಿನ ಹೋಗಿ. ಏದುಸಿರು, ಕಫದಲ್ಲಿ ರಕ್ತ, ಚರ್ಮ ಒತ್ತಿದಾಗ ಒಳಗೆ ಚರಚರ ಅನ್ನುವುದು ಇದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬಲಪಕ್ಕೆಯ ಕೆಳಗಿನ ಎಲುಬುಗಳ ಹಿಂದೆಯೇ ಯಕೃತ್ತು ಇದೆ. ಹೊಟ್ಟೆನೋವು, ತಲೆಸುತ್ತು, ತಣ್ಣನೆಯ ಬೆವರು ಶುರುವಾದರೂ ಅಷ್ಟೇ ತುರ್ತು.

ಇನ್ನೊಂದು ಮಾತು. ಮುರಿದದ್ದು ಖಚಿತವಾದರೆ, ಇಷ್ಟು ಸಣ್ಣ ಪೆಟ್ಟಿಗೇ ಮುರಿಯಿತೆಂದರೆ ಎಲುಬು ಸವೆದಿರಬಹುದು. ನೋವು ತಗ್ಗಿದ ಮೇಲೆ ಮೂಳೆ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಬಚ್ಚಲಿಗೆ ಹಿಡಿಕೆ ಹಾಕಿಸುವುದನ್ನು ಮಾತ್ರ ಈ ವಾರವೇ ಮಾಡಿ.